ತುಮಕೂರು ರಸ್ತೆಯ ರೋಮನ್ ನಾಣ್ಯಗಳು: ಅಗೆದಾಗ ಸಿಕ್ಕವು, ಕೊಂಡು ತಂದವು

ನಾಣ್ಯದ ಹುಚ್ಚು ಹಿಡಿದವರ ದಾರಿ ಬಹುಮಟ್ಟಿಗೆ ಒಂದೇ. ಮೊದಲು ಅಜ್ಜಿಯ ಪೆಟ್ಟಿಗೆಯಲ್ಲಿದ್ದ ತೂತಿನ ಕಾಸು, ಜಾರ್ಜ್ ರಾಜನ ತಲೆಯಿರುವ ರೂಪಾಯಿ. ಆಮೇಲೆ ಮೈಸೂರಿನವು: ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು, ಟಿಪ್ಪುವಿನ ಆನೆ ಕಾಸು, ಕೈಯಲ್ಲಿ ಸ್ವಲ್ಪ ಹಣ ಓಡಾಡುವ ಹೊತ್ತಿಗೆ ಒಂದು ಕಂಠೀರಾಯ ಹಣ. ಅಲ್ಲಿಂದ ವಿಜಯನಗರದ ವರಾಹ, ಗದ್ಯಾಣ ಅಂತ ಹಿಂದಕ್ಕೆ ಹೋಗುವವರು ಕೆಲವರು. ಬೆಲೆ ಕೇಳಿ ದಂಗಾಗಿ ಪಕ್ಕಕ್ಕೆ ತಿರುಗುವವರೇ ಹೆಚ್ಚು. ಪಕ್ಕಕ್ಕೆ ಅಂದರೆ ಹೊರದೇಶದ ನಾಣ್ಯಗಳ ಕಡೆಗೆ. ಯಾಕೆಂದರೆ ಇಂದು ಮೊಬೈಲಿನಲ್ಲೇ ಯುರೋಪಿನ ಹರಾಜಿಗೆ ಕೂತು ಎರಡು ಸಾವಿರ ವರ್ಷ ಹಳೆಯ ರೋಮನ್ ಬೆಳ್ಳಿ ನಾಣ್ಯವನ್ನು ಕೊಳ್ಳಬಹುದು. ಒಳ್ಳೆಯ ಸ್ಥಿತಿಯ ಚಾಲುಕ್ಯ ಗದ್ಯಾಣಕ್ಕೆ ಕೊಡುವ ಹಣದಲ್ಲಿ ಅಂಥವು ಹಲವು ಬಂದಾವು.

ಇದನ್ನು ಬೇಡ ಅನ್ನುವ ಉದ್ದೇಶ ಈ ಬರಹಕ್ಕಿಲ್ಲ. ಆದರೆ ನಮ್ಮೂರಿನಲ್ಲಿ, ಅದರಲ್ಲೂ ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಕೂತು ರೋಮನ್ ನಾಣ್ಯ ಕೊಳ್ಳುವವರಿಗೆ ಬೇರೆ ಊರಿನವರಿಗಿಲ್ಲದ ಒಂದು ಜವಾಬ್ದಾರಿ ಇದೆ. ಅದೇನು ಅಂತ ತಿಳಿಯಲು ತುಮಕೂರು ರಸ್ತೆಯ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು.

1891ರಲ್ಲಿ ಯಶವಂತಪುರದ ಬಳಿ ರೈಲು ಹಾದಿಗಾಗಿ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ನಾಣ್ಯಶಾಸ್ತ್ರದ ಪುಸ್ತಕಗಳಲ್ಲಿ ‘ಯಶವಂತಪುರ ನಿಧಿ’ ಅಂತಲೇ ಇವಕ್ಕೆ ಹೆಸರು. ಮುಂದೆ 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಆವರಣದಲ್ಲಿ ಇನ್ನೊಂದು ನಿಧಿ, 256 ನಾಣ್ಯಗಳದ್ದು. ಎರಡರಲ್ಲೂ ಇದ್ದವು ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಹೆಸರಿನವು. ಬೆಂಗಳೂರು ಎಂಬ ಹೆಸರು ಬೇಗೂರಿನ ವೀರಗಲ್ಲಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಎಂಟು ಶತಮಾನ ಮೊದಲಿನವು ಇವು. ಶಾಸನ ಓದುವ ನಮಗೆ ಈ ಪ್ರದೇಶದ ಚರಿತ್ರೆ ಶುರುವಾಗುವುದು ಗಂಗರಿಂದ. ನೆಲಮಂಗಲದ ಆಚೆ ಮಣ್ಣೆ ಇದೆಯಲ್ಲ, ಶ್ರೀಪುರುಷನ ಮಾನ್ಯಪುರ, ಅಲ್ಲಿಂದ. ಅದಕ್ಕೂ ಹಿಂದಿನ ಶತಮಾನಗಳ ಬಗ್ಗೆ ಇಲ್ಲಿ ಕಲ್ಲು ಮಾತಾಡುವುದಿಲ್ಲ. ಆ ಮೌನದ ಕಾಲಕ್ಕೆ ಸೇರಿದ, ಅಕ್ಷರ ಹೊತ್ತ ವಸ್ತು ಅಂತ ನಮ್ಮ ಕೈಯಲ್ಲಿರುವುದು ಈ ನಾಣ್ಯಗಳು.

ಅಕ್ಷರ ಅಂದೆನಲ್ಲ, ಓದಿಯೇ ಬಿಡೋಣ. ದಕ್ಷಿಣ ಭಾರತದಲ್ಲಿ ಸಿಕ್ಕ ದಿನಾರಿಯಸ್‌ಗಳಲ್ಲಿ ಎರಡು ಮಾದರಿಗಳದ್ದೇ ಸಿಂಹಪಾಲು. ಒಂದು ಅಗಸ್ಟಸನದು, ಇನ್ನೊಂದು ಟೈಬೀರಿಯಸನದು. ಟೈಬೀರಿಯಸನ ನಾಣ್ಯದ ಮುಂಬದಿಯಲ್ಲಿ ಅವನ ತಲೆ, ಸುತ್ತ ಲ್ಯಾಟಿನ್ ಅಕ್ಷರ. ಕನ್ನಡದಲ್ಲಿ ಅಕ್ಷರಕ್ಕೆ ಅಕ್ಷರ ಇಟ್ಟರೆ ಹೀಗೆ: ‘ತಿ ಕಯ್ಸರ್ ದಿವಿ ಅವ್ಗ್ ಫ್ ಅವ್ಗುಸ್ತುಸ್’. ಬಿಡಿಸಿದರೆ, ‘ತಿಬೇರಿಯುಸ್ ಕಯ್ಸರ್, ದೇವನಾದ ಅವ್ಗುಸ್ತುಸನ ಮಗ, ಅವ್ಗುಸ್ತುಸ್’. ಹಿಂಬದಿಯಲ್ಲಿ ಕುಳಿತ ಹೆಣ್ಣಿನ ಚಿತ್ರ, ಪಕ್ಕದಲ್ಲಿ ‘ಪೊಂತಿಫ್ ಮಕ್ಸಿಮ್’, ಅಂದರೆ ಮಹಾಪುರೋಹಿತ. ಅಗಸ್ಟಸನ ನಾಣ್ಯದ ಹಿಂಬದಿಯಲ್ಲಿ ಅವನ ದತ್ತುಮಕ್ಕಳಾದ ಗಾಯಸ್, ಲೂಸಿಯಸ್ ಗುರಾಣಿ-ಈಟಿಗಳ ಜೊತೆ ನಿಂತಿದ್ದಾರೆ.

ಶಾಸನ ಓದಿ ಅಭ್ಯಾಸವಿದ್ದವರಿಗೆ ಇಲ್ಲಿ ಎರಡು ಸಂಗತಿ ತಟ್ಟನೆ ಹೊಳೆಯುತ್ತವೆ. ಒಂದು, ಬಿರುದಿನ ಕ್ರಮ. ತಾನು ಯಾರ ಮಗ, ಯಾವ ಪದವಿ ಹೊತ್ತವನು ಅಂತ ಹೇಳಿಕೊಂಡೇ ರಾಜ ಎದುರಿಗೆ ಬರುವುದು ನಮ್ಮ ಪ್ರಶಸ್ತಿಗಳಲ್ಲಿ ಇದ್ದ ಹಾಗೆಯೇ ಇಲ್ಲೂ ಇದೆ. ಎರಡು, ಮೊಟಕು. ‘ಫ್’ ಅಂದರೆ ‘ಫಿಲಿಯುಸ್’, ಮಗ. ನಮ್ಮ ದತ್ತಿ ಶಾಸನಗಳಲ್ಲಿ ‘ಗ ೧೦ ಪ ೫’ ಅಂತ ಕಂಡರೆ ಹತ್ತು ಗದ್ಯಾಣ, ಐದು ಪಣ ಅಂತ ಓದಿಕೊಳ್ಳುತ್ತೇವಲ್ಲ, ಅದೇ ಉಪಾಯ. ಜಾಗ ಕಡಿಮೆ, ಓದುವವನಿಗೆ ವಿಷಯ ಗೊತ್ತಿದೆ, ಮತ್ತೇಕೆ ಪೂರ್ತಿ ಕೆತ್ತಬೇಕು? ಕಲ್ಲುಕುಟಿಗನಿಗೂ ಕಮ್ಮಟದವನಿಗೂ ಕಷ್ಟ ಒಂದೇ.

ಈ ಎರಡೂ ಮಾದರಿಗಳನ್ನು ಹೊಡೆದದ್ದು ಲುಗ್ದುನುಮ್‌ನಲ್ಲಿ, ಅಂದರೆ ಇಂದಿನ ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ. ಅಲ್ಲಿಂದ ಅಲೆಗ್ಸಾಂಡ್ರಿಯಾ, ಕೆಂಪು ಸಮುದ್ರದ ಬಂದರುಗಳು, ಮುಂಗಾರಿನ ಗಾಳಿ ಹಿಡಿದು ಮಲಬಾರಿನ ಮುಜಿರಿಸ್. ಮಲಬಾರಿನ ಬಂದರುಗಳಿಗೆ ಬರುವ ಹಡಗುಗಳು ಮುಖ್ಯವಾಗಿ ತರುವುದು ಹಣವನ್ನು, ಅದೂ ದೊಡ್ಡ ಪ್ರಮಾಣದಲ್ಲಿ ಅಂತ ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ಹೇಳುತ್ತದೆ. ಒಳನಾಡಿಗೆ ಅವು ಹತ್ತಿ ಬಂದದ್ದು ಹೇಗೆ? ಮೆಣಸು ಕರಾವಳಿಯ ಸರಕು. ಆದರೆ ದಿನಾರಿಯಸ್ ನಿಧಿಗಳು ದಟ್ಟವಾಗಿ ಸಿಗುವುದು ಕೊಯಮತ್ತೂರಿನ ಸುತ್ತ, ಬೆರಿಲ್ ಎಂಬ ಹಸಿರು-ನೀಲಿ ಹರಳು ಸಿಗುವ ನೆಲದಲ್ಲಿ. ಪಶ್ಚಿಮ ಕರಾವಳಿಯಿಂದ ಪೂರ್ವಕ್ಕೆ ಹೋಗುವ ದಾರಿಗಳ ಒಂದು ಕವಲು ನಮ್ಮ ಪ್ರಸ್ಥಭೂಮಿಯ ಮೇಲೂ ಹಾದಿರಬೇಕು ಅಂತ ಊಹಿಸಲು ಯಶವಂತಪುರ, ಎಚ್‌ಎಎಲ್ ನಿಧಿಗಳೇ ಆಧಾರ. ಗಮನಿಸಿ: ನಾಣ್ಯದ ಮೇಲಿನ ಅಕ್ಷರದಲ್ಲಿ ಈ ದಾರಿಯ ಸುದ್ದಿಯೇ ಇಲ್ಲ. ಅದು ಲಿಯಾನಿನ ಸುದ್ದಿ ಮಾತ್ರ ಹೇಳುತ್ತದೆ. ನಮ್ಮ ಸುದ್ದಿ ಇರುವುದು ಅದು ಸಿಕ್ಕ ಜಾಗದಲ್ಲಿ.

ಈ ಮಾತನ್ನು ಇನ್ನಷ್ಟು ಬೆಳೆಸಬೇಕು, ಏಕೆಂದರೆ ಇಡೀ ವಿಷಯ ನಿಂತಿರುವುದು ಇದರ ಮೇಲೆ. ಶಿಲಾಶಾಸನಕ್ಕೆ ವಿಳಾಸವಿದೆ. ಬೆಂಜಮಿನ್ ಲೂಯಿಸ್ ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಪ್ರತಿ ಕಲ್ಲಿಗೂ ತಾಲ್ಲೂಕಿನ ಹೆಸರು, ಅಂಕಿ ಕೊಟ್ಟು, ಯಾವ ಹಳ್ಳಿಯಲ್ಲಿ, ಯಾವ ಗುಡಿಯ ಮುಂದೆ, ಯಾರ ಹೊಲದಲ್ಲಿ ಇದೆ ಅಂತ ಬರೆಸಿದ್ದಾರೆ. ಕಲ್ಲನ್ನು ಯಾರಾದರೂ ಕಿತ್ತು ಮೋರಿಗೆ ಹಾಸಿದರೂ ಆ ಸಾಲು ಉಳಿಯುತ್ತದೆ. ತಾಮ್ರಪಟ ಊರಿಂದೂರಿಗೆ ಅಲೆಯುತ್ತದೆ, ನಿಜ. ಆದರೆ ಅದರ ಹೊಟ್ಟೆಯಲ್ಲೇ ದಾನದ ಊರು, ನಾಲ್ಕು ದಿಕ್ಕಿನ ಗಡಿ ಬರೆದಿರುತ್ತದೆ. ನಾಣ್ಯಕ್ಕೆ ಇವೆರಡೂ ಇಲ್ಲ. ಅದು ಹುಟ್ಟಿದ್ದೇ ಕೈ ಬದಲಿಸಲಿಕ್ಕೆ. ಸಿಕ್ಕ ಕ್ಷಣದಲ್ಲಿ ಯಾರಾದರೂ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಬರೆದಿಟ್ಟಾಗ ಎಷ್ಟು ಲಾಭ ಅನ್ನುವುದಕ್ಕೆ ಚಿತ್ರದುರ್ಗದ ಚಂದ್ರವಳ್ಳಿ ನೋಡಿ. 1929ರಲ್ಲಿ ಎಂ.ಎಚ್. ಕೃಷ್ಣ ಅಲ್ಲಿ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ವೀಲರ್‌ಗೆ ಸಿಕ್ಕ ಟೈಬೀರಿಯಸನ ದಿನಾರಿಯಸ್ ಹರಾಜಿನಲ್ಲಿ ಸಾವಿರಾರು ಕಾಣುವಂಥದ್ದೇ, ವಿಶೇಷವೇನಿಲ್ಲ. ಆದರೆ ಅದು ಸಾತವಾಹನರ ಕಾಲದ ನಾಣ್ಯಗಳಿದ್ದ ಮಣ್ಣಿನ ಪದರಗಳ ನಡುವಿನದು. ಹಾಗಾಗಿ ಆ ಒಂದು ನಾಣ್ಯ ದಕ್ಷಿಣದ ಮಡಕೆಗಳ ಕಾಲನಿರ್ಣಯಕ್ಕೂ ಊರುಗೋಲಾಯಿತು. ಅದೇ ನಾಣ್ಯ ಚಂದ್ರವಳ್ಳಿಯ ಮಣ್ಣಿಲ್ಲದೆ ಒಂದು ಡಬ್ಬಿಯಲ್ಲಿ ಸಿಕ್ಕಿದ್ದರೆ? ನಾಲ್ಕು ಗ್ರಾಮಿಗೂ ಕಡಿಮೆ ತೂಕದ ಬೆಳ್ಳಿ, ಅಷ್ಟೇ.

ನಾಣ್ಯದ ಮೈಮೇಲೆ ನಮ್ಮ ನೆಲದ ಗುರುತು ಬೀಳುವುದೂ ಉಂಟು. ಪುದುಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವಕ್ಕೆ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಕಚ್ಚು ಹಾಕಿದೆ. ಇನ್ನು ಚಲಾವಣೆಗೆ ಬೇಡ, ಲೋಹವಾಗಿ ಮಾತ್ರ ನೋಡಿ ಅನ್ನುವ ಸೂಚನೆ ಅದು ಅಂತ ವಿದ್ವಾಂಸರ ಒಂದು ಅಭಿಪ್ರಾಯ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ಬೈಜಾಂಟೈನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳಿದ್ದವು. ದಕ್ಷಿಣದಲ್ಲಿ ಸಿಗುವ ಅಂಥ ನಾಣ್ಯಗಳಿಗೆ ಅನೇಕ ಸಲ ತಲೆಯ ಮೇಲ್ಭಾಗದಲ್ಲಿ ಎರಡು ತೂತು ಇರುತ್ತದೆ. ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಾರೆ, ಚಕ್ರವರ್ತಿಯ ಮುಖ ನೆಟ್ಟಗೆ ಕಾಣುವ ಹಾಗೆ. ಕಾಸಿನ ಸರ ಹಾಕಿದ ಅಜ್ಜಿಯರನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇವಲ್ಲದೆ ಇಲ್ಲೇ ಮಾಡಿದ ನಕಲುಗಳೂ ಇವೆ: ತಲೆ ಟೈಬೀರಿಯಸನದೇ ಅನ್ನಿಸುತ್ತದೆ, ಆದರೆ ಸುತ್ತ ಇರುವುದು ಲ್ಯಾಟಿನ್ ಬಾರದವನು ಗೀಚಿದ ಗೆರೆ, ಸೊನ್ನೆ. ಅಕ್ಷರ ಬಾರದ ಕೈಯೊಂದು ಅಕ್ಷರದ ಆಕಾರವನ್ನಷ್ಟೇ ನಕಲು ಮಾಡಿದ್ದನ್ನು ನಾವು ಶಾಸನಗಳಲ್ಲೂ ಕಂಡಿದ್ದೇವೆ.

ಹೊರದೇಶದ ನಾಣ್ಯ ಇಲ್ಲಿ ಅಷ್ಟು ಮಾನ್ಯವಾದದ್ದೇಕೆ ಅನ್ನುವುದಕ್ಕೆ ರೋಮಿನ ಪ್ಲಿನಿ ಒಂದು ಕತೆ ಹೇಳುತ್ತಾನೆ. ಗಾಳಿಗೆ ಸಿಕ್ಕು ಸಿಂಹಳಕ್ಕೆ ಬಂದ ಒಬ್ಬ ರೋಮನ್ನನ ಬಳಿಯಿದ್ದ ದಿನಾರಿಯಸ್‌ಗಳನ್ನು ಅಲ್ಲಿಯ ರಾಜ ನೋಡಿದನಂತೆ. ಬೇರೆ ಬೇರೆ ತಲೆಗಳಿವೆ, ಅಂದರೆ ಬೇರೆ ಬೇರೆ ಅರಸರು ಹೊಡೆಸಿದವು, ಆದರೂ ತೂಕ ಎಲ್ಲಕ್ಕೂ ಒಂದೇ. ಈ ಪ್ರಾಮಾಣಿಕತೆಗೆ ಅವನು ಮೆಚ್ಚಿದನಂತೆ. ಕತೆ ನಿಜವೋ ಸುಳ್ಳೋ, ಲೆಕ್ಕ ಸರಿಯಾಗಿದೆ. ಕ್ರಿ.ಶ. 64ರಲ್ಲಿ ನೀರೋ ಒಂದು ರೋಮನ್ ಪೌಂಡು ಬೆಳ್ಳಿಯಲ್ಲಿ 84ರ ಬದಲು 96 ನಾಣ್ಯ ಹೊಡೆಸತೊಡಗಿದ. ತೂಕ ಇಳಿಯಿತು, ಬೆಳ್ಳಿಯೂ ಕಲಬೆರಕೆಯಾಯಿತು. ನಮ್ಮ ಕಡೆಯ ದಿನಾರಿಯಸ್ ನಿಧಿಗಳಲ್ಲಿ ನೀರೋಗೆ ಹಿಂದಿನ ಹಳೆಯ ನಾಣ್ಯಗಳೇ ತುಂಬಿರುವುದಕ್ಕೂ ಇದಕ್ಕೂ ಸಂಬಂಧವಿದೆ. ಇಲ್ಲಿಯ ಚಿನಿವಾರರು ಮುಖ ನೋಡಿ ಮಣೆ ಹಾಕುವವರಲ್ಲ. ಉಜ್ಜಿ, ತೂಗಿ ನೋಡುವವರು. ಇದರಿಂದ ಇನ್ನೊಂದು ಎಚ್ಚರಿಕೆಯೂ ಹುಟ್ಟುತ್ತದೆ: ಟೈಬೀರಿಯಸನ ನಾಣ್ಯ ಸಿಕ್ಕಿತು ಅಂದಮಾತ್ರಕ್ಕೆ ಅದು ಟೈಬೀರಿಯಸನ ಕಾಲದಲ್ಲೇ ಬಂತು ಅನ್ನುವಂತಿಲ್ಲ. ಹಳೆಯದಕ್ಕೇ ಬೆಲೆ ಇದ್ದಾಗ ಹಳೆಯದನ್ನೇ ಆರಿಸಿ ಹಡಗಿಗೆ ಹಾಕಿರುತ್ತಾರೆ.

ಅಂದ ಹಾಗೆ, ‘ವಿದೇಶಿ ನಾಣ್ಯ’ ಅನ್ನುವ ಮಾತೇ ಸ್ವಲ್ಪ ಸಡಿಲ. ಸಾಂಚಿಯ ಗುಪ್ತವರ್ಷ 93ರ ಶಾಸನದಲ್ಲಿ 25 ದೀನಾರಗಳ ದಾನ ಇದೆ. ಆ ದೀನಾರ ನಮ್ಮ ದಿನಾರಿಯಸ್ಸೇ, ಅಷ್ಟು ಹೊತ್ತಿಗೆ ಚಿನ್ನದ ನಾಣ್ಯದ ಹೆಸರಾಗಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಕಾನ್ಹೇರಿ ಗುಹೆಯ ಶಾಸನಗಳಲ್ಲಿ ದಾನ ಕೊಟ್ಟದ್ದು ದ್ರಮ್ಮಗಳಲ್ಲಿ. ದ್ರಮ್ಮ ಗ್ರೀಕರ ದ್ರಾಖ್ಮೆಯಿಂದ ಬಂದ ಮಾತು. ಮಂಗಳೂರಿನ ಕಡೆಯ ಮನೆಗಳಲ್ಲಿ ಗಲ್ಫಿನಿಂದ ಬಂದ ಮಾವ ಮಕ್ಕಳ ಕೈಗೆ ಹಾಕುವ ದಿರ್ಹಮ್, ದಿನಾರ್ ಇವೆಯಲ್ಲ, ಅವು ಇದೇ ಎರಡು ಮಾತುಗಳು, ಬೇರೆ ಹಾದಿಯಿಂದ ಮತ್ತೆ ಊರಿಗೆ ಬಂದಿವೆ. ಇನ್ನು ಕುವೈತಿನಲ್ಲಿ 1961ರವರೆಗೂ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ. ಬಿಜಾಪುರದ ಎರಡನೆಯ ಅಲಿ ಆದಿಲ್ ಶಾಹ ಹೊಡೆಸಿದ ಲಾರಿ ನಾಣ್ಯವನ್ನಂತೂ ಒಮ್ಮೆ ನೋಡಲೇಬೇಕು: ಬೆಳ್ಳಿ ತಂತಿಯನ್ನು ನಡುವೆ ಮಡಿಸಿ ತುದಿಗೆ ಮುದ್ರೆ ಒತ್ತಿದ್ದು, ಹೇರ್‌ಪಿನ್ ಇದ್ದ ಹಾಗೆ. ಪರ್ಷಿಯಾದ ಲಾರ್ ಪಟ್ಟಣದ ನಾಣ್ಯ ಅರಬ್ಬೀ ಸಮುದ್ರದ ವ್ಯಾಪಾರದಲ್ಲಿ ಅಷ್ಟು ನೆಚ್ಚಿನದಾಗಿತ್ತು, ನಮ್ಮ ಸುಲ್ತಾನನೂ ಅದರ ಆಕಾರವನ್ನೇ ಉಳಿಸಿಕೊಂಡ.

ಇದನ್ನು ತಿರುಗಿಸಿಯೂ ನೋಡಬಹುದು. ಧಾರವಾಡದಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್‌ನಿಗೆ ಗದ್ಯಾಣವೇ ವಿದೇಶಿ ನಾಣ್ಯ. 1824ರ ಕಿತ್ತೂರಿನ ಹೋರಾಟದಲ್ಲಿ ಸೆರೆಯಾಗಿದ್ದ ಆ ಎಲಿಯಟ್‌ನೇ ಇವನು. ಕನ್ನಡ ನಾಡಿನ ನೂರಾರು ಶಾಸನಗಳನ್ನು ನಕಲು ಮಾಡಿಸಿದ, ಜೊತೆಜೊತೆಗೇ ನಾಣ್ಯ ಕೂಡಿಸಿದ. ಮುಪ್ಪಿನಲ್ಲಿ ಕಣ್ಣು ಹೋದಮೇಲೂ ಬಿಡದೆ ‘ಕಾಯಿನ್ಸ್ ಆಫ್ ಸದರ್ನ್ ಇಂಡಿಯಾ’ ಎಂಬ ಪುಸ್ತಕ ಹೊರತಂದ. ಶಾಸನ ಮತ್ತು ನಾಣ್ಯ ಎರಡನ್ನೂ ಎದುರುಬದುರು ಇಟ್ಟು ಓದಿದ್ದರಿಂದಲೇ ಅವನ ಸಂಗ್ರಹಕ್ಕೆ ಬೆಲೆ. ಲೊಕ್ಕಿಗುಂಡಿಯ ಕಮ್ಮಟದಲ್ಲಿ ಹೊಡೆದ ‘ಲೊಕ್ಕಿ ಗದ್ಯಾಣ’ ಅಂತ ಶಾಸನ ಹೇಳದಿದ್ದರೆ ಒಂದು ಗದ್ಯಾಣವನ್ನು ಕೈಯಲ್ಲಿ ಹಿಡಿದು ಊರು ಹೇಳುವುದು ಎಷ್ಟು ಕಷ್ಟ! ನಮ್ಮವರಲ್ಲಿ ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ತಂದ ಕರ್ನಾಟಕದ ನಾಣ್ಯಗಳ ಪುಸ್ತಕವೂ ಇದೇ ಜಾಡಿನದು. ಹೊಸದಾಗಿ ಶುರುಮಾಡುವವರು ಹರಾಜಿನ ಪಟ್ಟಿಗೆ ಮೊದಲು ಅದನ್ನು ಓದುವುದು ಒಳ್ಳೆಯದು.

ಈಗ ಮಾಕಳಿಗೆ ಬರೋಣ. ಯಶವಂತಪುರದಿಂದ ಅದೇ ತುಮಕೂರು ರಸ್ತೆ ಹಿಡಿದು ಪೀಣ್ಯ, ದಾಸರಹಳ್ಳಿ, ಮಾದಾವರ ದಾಟಿದರೆ ಮಾಕಳಿ. ಮೆಟ್ರೊ ಈಗ ಮಾದಾವರದವರೆಗೂ ಬಂದಿದೆ. ಸುತ್ತ ಹೊಲಗಳೆಲ್ಲ ಸೈಟುಗಳಾಗುತ್ತಿವೆ, ಜೆಸಿಬಿ ಸದ್ದು ನಿಲ್ಲುವುದೇ ಇಲ್ಲ. ಇಲ್ಲಿ ಮನೆ ಕಟ್ಟಿಕೊಂಡ ಸಂಗ್ರಾಹಕರೊಬ್ಬರು ಇದ್ದಾರೆ ಅಂದುಕೊಳ್ಳಿ. ಮೈಸೂರು ಕಾಸುಗಳ ನಂತರ ರೋಮಿನ ಕಡೆ ಮನಸ್ಸು ಹೋಯಿತು. ಮೊದಲು ಕೊಂಡದ್ದು ಟೈಬೀರಿಯಸನ ದಿನಾರಿಯಸ್. ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ, ಏಕೆಂದರೆ ಕಂದಾಯದ ಪ್ರಶ್ನೆ ಬಂದಾಗ ಯೇಸು ತೋರಿಸಿ ಎಂದ ನಾಣ್ಯ ಇದೇ ಎಂಬ ನಂಬಿಕೆಯಿಂದ ಅದಕ್ಕೆ ಜಗತ್ತಿನಲ್ಲೆಲ್ಲ ಬೇಡಿಕೆ. ಆಮೇಲೆ ಅಗಸ್ಟಸನದೊಂದು. ಹೀಗೆ ಹತ್ತು ಹನ್ನೆರಡು ಕೂಡಿದವು. ಕೊಂಡ ಚೀಟಿಗಳೆಲ್ಲ ಇಮೇಲಿನಲ್ಲಿ. ನಾಣ್ಯಗಳು ಬೀರುವಿನಲ್ಲಿ, ಒಂದು ಸ್ಟೀಲ್ ಡಬ್ಬಿಯಲ್ಲಿ.

ನಲವತ್ತು ವರ್ಷ ಕಳೆಯಲಿ. ಅವರಿಲ್ಲ, ಇಮೇಲಿನ ಪಾಸ್‌ವರ್ಡ್ ಅವರ ಜೊತೆಗೇ ಹೋಗಿದೆ. ಮೊಮ್ಮಕ್ಕಳು ಮನೆ ಖಾಲಿ ಮಾಡುವಾಗ ಡಬ್ಬಿ ಸಿಗುತ್ತದೆ. ಒಳಗೆ ಅಗಸ್ಟಸ್, ಟೈಬೀರಿಯಸ್, ಅಂದರೆ ಯಶವಂತಪುರ ನಿಧಿಯಲ್ಲಿದ್ದ ಅದೇ ಹೆಸರುಗಳು. ಊರಿನ ಹಿರಿಯರೊಬ್ಬರು ‘ತಾತ ಪಾಯ ತೋಡಿಸುವಾಗ ಸಿಕ್ಕಿರಬೇಕು ಕಣಪ್ಪ’ ಅನ್ನುತ್ತಾರೆ. ಪತ್ರಿಕೆಯಲ್ಲಿ ‘ಮಾಕಳಿಯಲ್ಲಿ ರೋಮನ್ ನಿಧಿ’ ಅಂತ ಬರುತ್ತದೆ. ಯಾರೋ ಒಬ್ಬ ಸಂಶೋಧಕ ನಕ್ಷೆಯಲ್ಲಿ ಯಶವಂತಪುರದಿಂದ ಮಾಕಳಿಗೆ ಒಂದು ಗೆರೆ ಎಳೆದು ಪ್ರಾಚೀನ ವ್ಯಾಪಾರ ಮಾರ್ಗ ಅಂತ ಕರೆಯುತ್ತಾನೆ. ಇದರಲ್ಲಿ ಒಬ್ಬರೂ ಸುಳ್ಳು ಹೇಳಿಲ್ಲ ನೋಡಿ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಚರಿತ್ರೆ ಕೆಡಿಸಿದ್ದಾರೆ.

ಇದು ಉತ್ಪ್ರೇಕ್ಷೆ ಅನ್ನಿಸಿದರೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ ಅಲ್ಲಲ್ಲಿ ಹೊಲ, ಹಿತ್ತಲು, ನದಿದಡದಲ್ಲಿ ರೋಮನ್, ಗ್ರೀಕ್ ನಾಣ್ಯ ಸಿಕ್ಕಿವೆ. ಕೊಲಂಬಸನಿಗೂ ಮೊದಲೇ ರೋಮನ್ನರು ಅಟ್ಲಾಂಟಿಕ್ ದಾಟಿದ್ದರು ಅನ್ನುವವರಿಗೆ ಅವೇ ಸಾಕ್ಷಿ. ಜೆರೆಮಯಾ ಎಪ್‌ಸ್ಟೀನ್ ಎಂಬ ವಿದ್ವಾಂಸ 1980ರಲ್ಲಿ ಅಂಥ ವರದಿಗಳನ್ನೆಲ್ಲ ಒಟ್ಟುಗೂಡಿಸಿ ಜರಡಿ ಹಿಡಿದ. ಅವನ ತೀರ್ಮಾನ: ಇವು ಬಹುಮಟ್ಟಿಗೆ ಈಚಿನವರು ಕಳೆದುಕೊಂಡ ಸಂಗ್ರಹದ ನಾಣ್ಯಗಳು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ಜೇಬಿನಲ್ಲಿ ತಂದವೂ ಅದರಲ್ಲಿ ಸೇರಿರಬೇಕು. ಇದಕ್ಕೆ ಎದುರಾದದ್ದು ಜಪಾನಿನ ಒಕಿನಾವಾದ ಕಟ್ಸುರೆನ್ ಕೋಟೆ. ಅಲ್ಲಿ ಉತ್ಖನನದಲ್ಲಿ ಸಿಕ್ಕ ಸಣ್ಣ ತಾಮ್ರದ ಬಿಲ್ಲೆಗಳನ್ನು ಪುರಾತತ್ವಜ್ಞರು ಮೊದಲು ಅಮೆರಿಕನ್ ಸೈನಿಕರು ಬೀಳಿಸಿಕೊಂಡ ಚಿಲ್ಲರೆ ಅಂದುಕೊಂಡಿದ್ದರು. ತೊಳೆದು, ಎಕ್ಸ್‌-ರೇ ಹಾಕಿ ನೋಡಿದರೆ ರೋಮನ್! 2016ರಲ್ಲಿ ಪ್ರಕಟಿಸಿದರು. ಜಗತ್ತು ನಂಬಿದ್ದಕ್ಕೆ ಕಾರಣ ಒಂದೇ: ಕ್ರಮವಾದ ಉತ್ಖನನದಲ್ಲಿ, ಸಿಕ್ಕ ಜಾಗ ದಾಖಲಾಗಿ ಸಿಕ್ಕವು ಅವು.

ಮಾಕಳಿಯ ವಿಷಯದಲ್ಲಿ ಉಲ್ಟಾ ಅಪಾಯವೂ ಇದೆ, ನನಗೆ ಹೆಚ್ಚು ಚಿಂತೆ ಅದರದ್ದೇ. ನಾಳೆ ನಿಜವಾಗಿಯೂ ದಾಸನಪುರದಲ್ಲೋ ಮಾಕಳಿಯಲ್ಲೋ ಪಾಯದ ಮಣ್ಣಿನಿಂದ ಒಂದು ಕುಡಿಕೆ ದಿನಾರಿಯಸ್ ಎದ್ದು ಬಂತು ಅನ್ನಿ. ಯಶವಂತಪುರದಲ್ಲಿ ಬಂದದ್ದು ಇಲ್ಲಿ ಬರಬಾರದು ಅಂತೇನಿಲ್ಲ. ಆಗ ‘ಅಯ್ಯೋ, ಈಗ ಮನೆಮನೆಯಲ್ಲೂ ಆನ್‌ಲೈನಿನಲ್ಲಿ ಕೊಂಡ ರೋಮನ್ ನಾಣ್ಯ ಇದೆ, ಯಾರೋ ಬೀಳಿಸಿದ್ದಿರಬೇಕು’ ಅಂತ ತಳ್ಳಿಹಾಕುವುದು ಬಹಳ ಸುಲಭ. 1891ರಲ್ಲಿ ಅಂಥ ಸಂಶಯಕ್ಕೆ ಜಾಗವೇ ಇರಲಿಲ್ಲ. ಗುರುತಿಲ್ಲದ ಕೊಂಡ ನಾಣ್ಯ ಹೀಗೆ ಸುಳ್ಳು ನಿಧಿಯನ್ನು ಹುಟ್ಟಿಸುತ್ತದೆ, ನಿಜವಾದ ನಿಧಿಯ ಬಾಯನ್ನೂ ಮುಚ್ಚಿಸುತ್ತದೆ.

ಇನ್ನು ಮಾರುವವರ ಕಡೆಯ ಮಾತು. ನೆಲದಲ್ಲಿ ಸಿಕ್ಕದ್ದನ್ನು ಮುಚ್ಚಿಟ್ಟು ಮಾರುವವನಿಗೆ ‘ಇದು ಹೊರದೇಶದಿಂದ ತರಿಸಿದ್ದು ಸಾರ್’ ಅನ್ನುವುದಕ್ಕಿಂತ ಒಳ್ಳೆಯ ನೆಪ ಸಿಗದು. ಮೈಸೂರು ಕಾಸಿಗೆ ಆ ನೆಪ ನಡೆಯುವುದಿಲ್ಲ, ರೋಮನ್ ನಾಣ್ಯಕ್ಕೆ ಸಲೀಸಾಗಿ ನಡೆಯುತ್ತದೆ. ಆದ್ದರಿಂದ ಇಲ್ಲಿಯೇ ಯಾರಾದರೂ ದಿನಾರಿಯಸ್ ಕೊಡುತ್ತೇನೆ ಅಂದರೆ ತರಿಸಿದ ಕಾಗದ ಕೇಳಿ: ಹರಾಜಿನ ರಸೀದಿ, ಕಸ್ಟಮ್ಸ್ ಕಾಗದ. ಇಲ್ಲ ಅಂದರೆ ಬಿಟ್ಟುಬಿಡಿ. ಮಣ್ಣು ಹತ್ತಿದ, ಒಂದೇ ಬಣ್ಣದ ಐದಾರು ನಾಣ್ಯ ಒಟ್ಟಿಗೆ ತೋರಿಸಿದರೆ ಇನ್ನೂ ಬೇಗ ಬಿಡಿ. ಕಾನೂನಿನ ದೃಷ್ಟಿಯಿಂದಲೂ ಇದು ಆಟವಲ್ಲ. ಬ್ರಿಟಿಷ್ ಇಂಡಿಯಾದ 1878ರ ನಿಧಿ ಕಾಯ್ದೆಯಲ್ಲೇ ನೆಲದಡಿ ಸಿಕ್ಕ ವಸ್ತುವಿನ ಬೆಲೆ ಹತ್ತು ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತಿದೆ. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ನಾಣ್ಯವನ್ನು ಪುರಾವ���್ತು ಅನ್ನುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಆ ಕಾಯ್ದೆಯಲ್ಲಿ ಪುರಾವಸ್ತು ಎಂದರೇನು ಅಂತ ಹೇಳುವ ಸಾಲಿನಲ್ಲಿ ನಾಣ್ಯ, ಶಿಲ್ಪ, ಚಿತ್ರ, ಶಾಸನ ಈ ನಾಲ್ಕನ್ನೂ ಒಟ್ಟಿಗೇ ಹೆಸರಿಸಿದ್ದಾರೆ. ಶಾಸನಾಸಕ್ತರು ನಾಣ್ಯದ ವಿಷಯಕ್ಕೆ ತಲೆಹಾಕುವುದು ಏಕೆ ಅಂತ ಕೇಳುವವರಿಗೆ ಆ ಸಾಲನ್ನು ತೋರಿಸಬಹುದು.

ನಕಲಿಯ ವಿಷಯ ದೊಡ್ಡದು, ಇಲ್ಲಿ ಎರಡು ಮಾತು ಸಾಕು. ಅಚ್ಚಿನಲ್ಲಿ ಎರೆದ ನಕಲಿಗೆ ಅಂಚಿನ ಸುತ್ತ ಸಣ್ಣ ಗೆರೆ ಕಂಡೀತು, ತೂಕವೂ ಹೊಂದುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಕುಳಿ ಇರುವ ಎರಡು ನಾಣ್ಯ ಕಂಡರೆ ಎರಡೂ ಒಂದೇ ಅಚ್ಚಿನ ಮಕ್ಕಳು. ಆದರೆ ತಾಮ್ರದ ಮೇಲೆ ಬೆಳ್ಳಿ ಹೊದಿಸಿದ ದಿನಾರಿಯಸ್ ಕಂಡರೆ ಎಸೆಯಬೇಡಿ. ರೋಮನ್ ಕಾಲದಲ್ಲೇ ಮಾಡಿದ ಖೋಟಾ ಇದ್ದೀತು, ಅದಕ್ಕೂ ಅದರದೇ ಚರಿತ್ರೆ ಇದೆ.

ಹಾಗಾದರೆ ಮಾಡಬೇಕಾದ್ದೇನು? ಚೀಟಿ ಬರೆಯುವುದು. ಕಂಪ್ಯೂಟರಿನಲ್ಲಿ ಪಟ್ಟಿ ಇದೆ ಅನ್ನಬೇಡಿ. ಪಟ್ಟಿಯೂ ಇರಲಿ, ಆದರೆ ನಾಣ್ಯದ ಜೊತೆ ಅದೇ ಪೊಟ್ಟಣದಲ್ಲಿ ಕಾಗದ ಇರಬೇಕು. ಡಬ್ಬಿ ತೆಗೆದವನು ನಿಮ್ಮ ಕಂಪ್ಯೂಟರನ್ನೂ ತೆಗೆಯುತ್ತಾನೆ ಅನ್ನುವ ಖಾತ್ರಿ ಇಲ್ಲ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು, ಅದನ್ನು ಮೊದಲು ಓದುವವರು ಮನೆಯವರೇ ತಾನೆ. ಮಾದರಿಗೆ ಒಂದು:

‘ಟೈಬೀರಿಯಸ್, ಬೆಳ್ಳಿ ದಿನಾರಿಯಸ್, ಲಿಯಾನ್ ಕಮ್ಮಟ. ತೂಕ ಇಷ್ಟು, ಅಡ್ಡಳತೆ ಇಷ್ಟು. ಮುಂಬದಿ ಬಲಕ್ಕೆ ತಿರುಗಿದ ತಲೆ, ಹಿಂಬದಿ ಕುಳಿತ ಹೆಣ್ಣು. ಇಂಥ ದಿನ ಇಂಥ ದೇಶದ ಇಂಥವರ ಹರಾಜಿನಲ್ಲಿ, ಈ ಸಂಖ್ಯೆಯ ಅಡಿ, ಇಷ್ಟು ಬೆಲೆಗೆ ಕೊಂಡದ್ದು. ಅದಕ್ಕೆ ಹಿಂದಿನ ಒಡೆಯರ ವಿವರ ಹರಾಜಿನವರು ಕೊಟ್ಟಷ್ಟು. ಕಸ್ಟಮ್ಸ್ ಕಾಗದ ಜೊತೆಗಿದೆ. ಮಾಕಳಿಯಲ್ಲಾಗಲಿ ಕರ್ನಾಟಕದ ಬೇರೆ ಕಡೆಯಲ್ಲಾಗಲಿ ಸಿಕ್ಕಿದ್ದಲ್ಲ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಉಳಿದದ್ದನ್ನು ತಿಳಿದವರು ನಾಣ್ಯ ನೋಡಿಯೇ ಹೇಳಬಲ್ಲರು, ಅದೊಂದನ್ನು ನೀವಲ್ಲದೆ ಬೇರೆ ಯಾರೂ ಹೇಳಲಾರರು. ಇದೇ ಲೆಕ್ಕದಲ್ಲಿ, ಅಜ್ಜನ ಕಾಲದಿಂದ ಮನೆಯಲ್ಲೇ ಇರುವ ಹಳೆಯ ನಾಣ್ಯವಿದ್ದರೆ ಅದಕ್ಕೂ ಬರೆಯಿರಿ: ಯಾರ ಪೆಟ್ಟಿಗೆಯಲ್ಲಿತ್ತು, ಯಾವ ಊರಿನ ಮನೆ, ಯಾರ ಬಾಯಿಂದ ಕೇಳಿದ್ದು. ಎರಡು ಬಗೆಯನ್ನೂ ಒಂದೇ ಡಬ್ಬಿಗೆ ಸುರಿಯಬೇಡಿ. ಕಾಗದಕ್ಕೆ ಸೀಸದಕಡ್ಡಿಯಲ್ಲಿ ಬರೆದರೆ ಸಾಕು, ಶಾಯಿ ತೇವಕ್ಕೆ ಹರಡುತ್ತದೆ. ಹುಣಿಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸುವ ಆಸೆ ಬೇಡ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್ಮುಗಳೂ ಬೇಡ. ಕೆಲವು ವರ್ಷದಲ್ಲಿ ಅದು ಬೆವೆತು ನಾಣ್ಯದ ಮೇಲೆ ಹಸಿರು ಜಿಡ್ಡು ಕೂರಿಸುತ್ತದೆ, ಬೆಳ್ಳಿಯನ್ನೂ ಬಿಡುವುದಿಲ್ಲ. ದಪ್ಪ ಕಾಗದದ ಸಣ್ಣ ಲಕೋಟೆ, ಒಳಗೆ ನಾಣ್ಯ, ಜೊತೆಗೆ ಚೀಟಿ. ಲಕೋಟೆಯ ಮೇಲೂ ಅದೇ ಅಂಕಿ.